ರಿಟ್ರೀಟಿಗೆ ಬಂದಾಕಿ ಭಾಂಡೆ ಯಾಕ ತಿಕ್ಕಬೇಕು?

ಹೋದ ರವಿವಾರ ಆರಾಧನೆ ಮುಗಿದ ಮ್ಯಾಲ ಚರ್ಚಿನ ಹಿಂದಿನ ಖೋಲ್ಯಾಗ ಮೀಟಿಂಗ್ ಇತ್ತು. ಸ್ತ್ರೀಯರ ಅನ್ಯೋನ್ಯ ಕೂಟದಿಂದ ಈ ವರ್ಷದ ಧ್ಯಾನಕೂಟ, ಅಂದ್ರ ನಮ್ಮ ಮಂದಿ ಬಾಯಾಗಿನ ರಿಟ್ರೀಟು, ಹೆಂಗ ಮಾಡೂದು ಅನ್ನೂದು ವಿಷಯ. ನಾನು ಬರಕೊಂಡು ಹೋಗಿದ್ದ ಎರಡು ಹಾಳಿ ಓದಿದೆ. ಮೊದಲನೇ ಸಾಲಿನ್ಯಾಗ ಹಿಂಗ ಬರದಿದ್ದೆ: ರಿಟ್ರೀಟಿಗೆ ಬಂದ ಯಾವ ಹೆಣ್ಮಗಳೂ ಈ ಸಲ ಒಲಿ ಮುಂದ ನಿಂದರಬಾರದು, ಭಾಂಡೆ ತಿಕ್ಕಬಾರದು.

ಓದಿ ತಲಿ ಎತ್ತೂದ್ರಾಗ ಒಬ್ಬ ಹಿರಿಯರು ನಕ್ಕರು. ಕೆಟ್ಟ ನಗಿ ಏನಲ್ಲ ಬಿಡ್ರಿ, ಮನಿ ಮಗಳ ಹುಚ್ಚಾಟ ನೋಡಿ ನಗತಾರಲ್ಲ, ಹಂತಾ ನಗಿ. "ಅಲ್ಲವಾ, ಹಂಗಾರ ಅಡಗಿ ಯಾರು ಮಾಡೋರು?" ಅಂದ್ರು. ಖೋಲಿ ತುಂಬ ನಗಿ. ಹೆಣ್ಮಕ್ಕಳೂ ನಕ್ಕರು. ಖರೇ ಹೇಳಬೇಕಂದ್ರ ನಾನೂ ನಕ್ಕೆ. ಮನಿಗೆ ಬಂದು ಚಹಾಕ್ಕ ನೀರು ಇಡೂ ಹೊತ್ತಿಗೆ ನಗಿ ಆರಿ ಸಿಟ್ಟು ಬಂತು. ಅವತ್ತ ಕೊಡಬೇಕಾಗಿದ್ದ ಉತ್ತರ ಇವತ್ತ ಇಲ್ಲೆ ಬರೀತೀನಿ. ಉದ್ದ ಆಗತೈತಿ, ಕುಂತು ಓದ್ರಿ.

ಮೊದಲ ನನ್ನ ತಪ್ಪು ಒಪ್ಪಕೊಂಡು ಬಿಡತೀನಿ. ನಾನು ಗದಗ-ಬೆಟಗೇರಿ ಕಡೆಯಾಕಿ. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ನಿನ ಮಂದಿ ನಾವು. ಲಗ್ನಾಗಿ ಈ ಊರಿಗೆ ಬಂದು 26 ವರ್ಷ ಆತು, ಅನ್ಯೋನ್ಯ ಕೂಟದ ಕಾರ್ಯದರ್ಶಿ ಆಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಾಗ ಆರು ರಿಟ್ರೀಟು ನನ್ನ ಕೈಯಿಂದ ಆಗ್ಯಾವು. ಜಾಗಾ ನೋಡೂದು, ಬಸ್ಸು ಗೊತ್ತು ಮಾಡೂದು, ಸಂದೇಶ ಕೊಡೋರಿಗೆ ಫೋನ್ ಹಚ್ಚೂದು, ಗಾದಿ, ದಿಂಬು, ಹಾಡಿನ ಪುಸ್ತಕ, ಗ್ಯಾಸ್ ಸಿಲಿಂಡರು, ಎಲ್ಲಾ ನಂದ. ಹಂಗಾಗಿ ಇಲ್ಲೆ ನಾ ಬೈಯೂದು ಮೊದಲ ನನಗ ಹತ್ತತೈತಿ, ಆಮ್ಯಾಲ ಉಳದೋರಿಗೆ.

ಮೂರು ವರ್ಷದ ಹಿಂದಿನ ರಿಟ್ರೀಟು. ಎರಡು ದಿನ, ಒಂದು ರಾತ್ರಿ. ಒಟ್ಟು 62 ಹೆಣ್ಮಕ್ಕಳು, ತಲಿಗೆ 600 ರೂಪಾಯಿ. ರೊಕ್ಕ ಕೊಡಾಕ ಆಗದಾವರು ನಾಕು ಮಂದಿ ಇದ್ರು. ಅವರನ್ನ ಬಿಟ್ಟು ಹೋಗಬಾರದು ಅಂತ ಕಮಿಟಿದಾಗ ಭಾಳ ಕಳಕಳಿಯಿಂದ ಮಾತಾತು. ಯಾರೋ ಅಂದ್ರು, "ಅವರು ಫೀ ಕೊಡೂದು ಬ್ಯಾಡ, ಸೇವಾ ಗುಂಪಿನ್ಯಾಗ ಇರಲಿ." ಎಲ್ಲಾರೂ ಹೂಂ ಅಂದ್ರು. ನಾನು ಪಟ್ಟಿ ಬರದೆ. ಮ್ಯಾಲ 'ಸೇವಾ ಗುಂಪು' ಅಂತ ಕೆಂಪು ಪೆನ್ನಿಲೆ ಬರದು ಕೆಳಗ ಗೀಟು ಎಳದೆ. ಆ ಹಾಳಿ ಇನ್ನೂ ನನ್ನ ಫೈಲಿನ್ಯಾಗ ಐತಿ. ಕೈಬರಹ ನಂದು. ಬ್ಯಾರೆಯಾರ ಮ್ಯಾಲೆ ಹಾಕಾಕ ಬರೂದಿಲ್ಲ.

ಸೇವಾ ಗುಂಪು ಅಂದ್ರ ಏನು ಅಂತೀರಿ? ನಸಿಕಿನ್ಯಾಗ ನಾಕೂವರಿಗೆ ಎದ್ದು 62 ಮಂದಿಗೆ ಚಹಾ ಇಡೂದು. ಆಮ್ಯಾಲ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚೂದು. ಉಪ್ಪಿಟ್ಟಿನ ತಾಟು ತೊಳದು ಮುಗಿಯೂದ್ರಾಗ ಮಧ್ಯಾಹ್ನದ ಅಕ್ಕಿ ಆರಿಸೂದು. ಕಾರ್ಯಕ್ರಮದ ಹಾಳ್ಯಾಗ ನಾವು '11 ಗಂಟೆ: ಚಹಾ ವಿರಾಮ', '1 ಗಂಟೆ: ಊಟದ ವಿರಾಮ' ಅಂತ ಛಾಪಿಸಿದ್ವಿ. ನಾವು ವಿರಾಮ ಅಂತ ಬರದಲ್ಲೆಲ್ಲಾ ಅವರಿಗೆ ದುಡತ ಇತ್ತು. ಅವರ ಜೋಡಿ ನಮ್ಮ ವಯಸ್ಸಾದ ಹತ್ತು ಮಂದಿ ಅಡಗಿಗೆ ಇದ್ರು. ಅಂದ್ರ 62ರಾಗ 14 ಮಂದಿ ಎರಡು ದಿನ ಹಾಲಿನೊಳಗ ಕಾಲ ಇಡಲಿಲ್ಲ. ಬಸ್ಸಿನ್ಯಾಗ ಹೊಳ್ಳಿ ಬರೂವಾಗ ನಾವು ಎಲ್ಲಾರೂ ಕೂಡಿ "ಭಾಳ ಆಶೀರ್ವಾದ ಆತು" ಅಂತ ಸಾಕ್ಷಿ ಹೇಳಿದ್ವಿ. ಆ 14 ಮಂದಿ ಹಿಂದಿನ ಸೀಟಿನ್ಯಾಗ ನಿದ್ದಿ ಹೊಡೀತಿದ್ರು.

ಈಗ ಕೇಳ್ರಿ. ಅವತ್ತಿನ ಸಂದೇಶ ಯಾವುದು ಗೊತ್ತೇನು? ಮಾರ್ಥ ಮತ್ತು ಮರಿಯ. ಲೂಕನ ಸುವಾರ್ತೆ ಹತ್ತನೇ ಅಧ್ಯಾಯ. ಸಂದೇಶ ಕೊಡಾಕ ಬಂದವರು ಗಂಡಸರು, ದೂರದಿಂದ ಬಂದ ಪ್ರಸಂಗಿಗಳು. ಭಾಳ ಚೊಲೋ ಮಾತಾಡತಿದ್ರು. ಅಕ್ಕಾರ, ಮನಿ ಚಿಂತಿ ಬಿಡ್ರಿ, ಅಡಗಿ ಚಿಂತಿ ಬಿಡ್ರಿ, ಮರಿಯಳ ಹಂಗ ಕರ್ತನ ಪಾದದ ಹತ್ತರ ಕುಂದರ್ರಿ ಅಂತ ಅವರು ಹೇಳೂದಕ್ಕೂ, ಅಡಗಿಮನ್ಯಾಗ ಕುಕ್ಕರು ಸೀಟಿ ಹೊಡಿಯೂದಕ್ಕೂ ಸರಿ ಆತು. ಎಲ್ಲಾರೂ ನಕ್ಕರು. ಅವರೂ ನಕ್ಕು, "ನೋಡ್ರಿ, ಮಾರ್ಥ ಇನ್ನೂ ಅಲ್ಲೇ ಅದಾಳ" ಅಂದ್ರು.

ಆಗ ಸೇವಾ ಗುಂಪಿನಾಕಿ ಒಬ್ಬಾಕಿ ಕಿಡಕಿ ಹೊರಗಿನ ನಳದ ಹತ್ತರ ಕುಂತು ಭಾಂಡೆ ತಿಕ್ಕತಿದ್ಲು. ಹೆಸರು ಹೇಳೂದಿಲ್ಲ. ನಮ್ಮ ಸಭೆಯಾಕಿನ, ನಾಕು ಮನಿ ಕೆಲಸಾ ಮಾಡಿ ಇಬ್ಬರು ಮಕ್ಕಳನ್ನ ಸಾಕಾಕಿ. ಆ ನಗಿ ಆಕಿಗೂ ಕೇಳಿಸಿತ್ತು. ಸಂಜಿಗೆ ನಾ ತಾಟು ಎಣಸಾಕ ಹೋದಾಗ ಆಕಿ ಕೇಳಿದ್ಲು, "ಅಕ್ಕಾರ, ಇಬ್ಬರೂ ಹೋಗಿ ಕುಂತಿದ್ರ ಆ ಮನ್ಯಾಗ ಭಾಂಡೆ ಯಾರು ತಿಕ್ಕತಿದ್ರು?"

ನಾನು ಏನೋ ಹೇಳಿ ಜಾರಿಕೊಂಡೆ. ಮುಂದಿನ ವರ್ಷ ಆಕಿ ರಿಟ್ರೀಟಿಗೆ ಬರಲಿಲ್ಲ. ಆಮ್ಯಾಲ ರವಿವಾರ ಬರೂದೂ ನಿಂತು ಹೋತು. ಓಣ್ಯಾಗ ಒಂದು ಸಣ್ಣ ಪ್ರಾರ್ಥನಾ ಕೂಟ ನಡೀತೈತಂತ, ಅಲ್ಲಿಗೆ ಹೋಗತಾಳ ಅಂತ ಸುದ್ದಿ. ನಮ್ಮವರು "ಆಕಿಗೆ ನಂಬಿಕಿ ಗಟ್ಟಿ ಇಲ್ಲ" ಅಂದ್ರು. ನನಗ ಅನ್ಸೂದು ಬ್ಯಾರೆ. ಅಲ್ಲಿ ಆಕಿಗೆ ಕುಂದರಾಕ ಒಂದು ಚಾಪಿ ಸಿಕ್ಕಿರಬೇಕು.

ಆಕಿ ಕೇಳಿದ ಪ್ರಶ್ನೆಕ್ಕ ಉತ್ತರ ಹುಡಕಾಕ ನನಗ ಮೂರು ವರ್ಷ ಹಿಡೀತು. ಸತ್ಯವೇದ ತಗದು ಕುಂತೆ. ನಮ್ಮ ಹಿರಿಯರಿಗೆ ವಾಕ್ಯದಿಂದ ಹೇಳಿದ್ರ ಮಾತ್ರ ಕಿವಿಗೆ ಬೀಳತೈತಲ್ಲ, ಅದಕ್ಕ ವಾಕ್ಯದಿಂದಲೇ ಹೇಳತೀನಿ.

ರಿಟ್ರೀಟು ಅನ್ನೂದು ಎಲ್ಲಿಂದ ಬಂತು? ಮಾರ್ಕನ ಸುವಾರ್ತೆ ಆರನೇ ಅಧ್ಯಾಯ ನೋಡ್ರಿ. ಶಿಷ್ಯರು ಊರೂರು ಸೇವೆ ಮಾಡಿ ದಣಿದು ಬಂದಾರ. ಬರೋರು ಹೋಗೋರು ಎಷ್ಟಂದ್ರ ಅವರಿಗೆ ಉಣ್ಣಾಕ ಸೈತ ಪುರಸೊತ್ತಿಲ್ಲ. ಅದನ್ನ ನೋಡಿ ಯೇಸು ಸ್ವಾಮಿ ಅವರನ್ನ ಮಂದಿ ಇಲ್ಲದ ಜಾಗಾಕ್ಕ ಕರದು, ಸ್ವಲ್ಪ ದಣಿವಾರಿಸಿಕೊಳ್ರಿ ಅನ್ನತಾನ. ಉಣ್ಣಾಕ ಪುರಸೊತ್ತಿಲ್ಲದವರಿಗಾಗಿ ಮಾಡಿದ್ದು ಇದು. ನಮ್ಮ ಸಭೆದಾಗ ಉಣ್ಣಾಕ ಪುರಸೊತ್ತಿಲ್ಲದಾಕಿ ಯಾರು? ಆ ನಳದ ಹತ್ತರ ಕುಂತಾಕಿ. ಯಾರಿಗಾಗಿ ಈ ಕೂಟ ಹುಟ್ಟಿತೋ ಆಕಿನ್ನ ನಾವು ಕೂಟದ ಆಳು ಮಾಡಿದ್ವಿ.

ಅದೇ ಅಧ್ಯಾಯ ಮುಂದ ಓದ್ರಿ. ಮಂದಿ ಬೆನ್ನ ಹತ್ತಿ ಅಲ್ಲಿಗೂ ಬಂದ್ರು, ಬರೇ ಗಂಡಸರ ಐದು ಸಾವಿರ. ಅಷ್ಟು ಮಂದಿಗೆ ಬಡಸಿದವರು ಯಾರು? ಶಿಷ್ಯರು. ಉಳದ ತುಣುಕು ಹನ್ನೆರಡು ಪುಟ್ಟಿ ಆರಿಸಿ ತುಂಬಿದವರು ಯಾರು? ಅವರ. ಉಂಡ ಮ್ಯಾಲ ಎಂಜಲಾ ಗೋಳೆ ಮಾಡೂದು ಅಪೊಸ್ತಲರ ಕೆಲಸ ಇತ್ತು. ನಮ್ಮಲ್ಲೆ ಊಟ ಆದ ಕೂಡಲೆ ಅಪೊಸ್ತಲರು ಕೈ ಒರಸಿಕೊಂಡು ಕುರ್ಚಿ ಹುಡುಕತಾರ.

ಇನ್ನ ಮಾರ್ಥಳ ಮಾತು. ನೂರು ಸಲ ಆಕಿನ್ನ ಬೈಯೂದು ಕೇಳೀವಿ. ಆದ್ರ ಯೇಸು ಆಕಿಗೆ ಅಡಗಿ ಮಾಡಬ್ಯಾಡ ಅಂದಿಲ್ಲ. ಭಾಳ ಕೆಲಸದಾಗ ಸಿಕ್ಕು ಮನಸು ಚೂರು ಚೂರು ಆದಾಕಿಗೆ, ನಿನ್ನ ತಂಗಿ ತಗೊಂಡ ಜಾಗಾ ಆಕಿಯಿಂದ ಯಾರೂ ಕಸಗೊಳ್ಳೂದಿಲ್ಲ ಅಂದಾನ. ಇದರಾಗ ನಾವು ಒಂದು ಗುಟ್ಟು ಬಿಟ್ಟೀವಿ. ಗುರುವಿನ ಪಾದದ ಹತ್ತರ ಕುಂದ್ರೂದು ಅಂದ್ರ ಆ ಕಾಲದಾಗ ವಿದ್ಯಾ ಕಲಿಯೂದು. ಪೌಲನೂ ಗಮಲಿಯೇಲನ ಪಾದದ ಹತ್ತರ ಕಲ್ತೀನಿ ಅಂತ ಹೇಳಕೋತಾನ. ಹೆಣ್ಮಗಳಿಗೆ ಆ ಜಾಗಾ ಕೊಟ್ಟಿದ್ದು ದೊಡ್ಡ ಮಾತು. ನಾವು ಆ ಕಥಿ ಹಿಡಕೊಂಡು ಒಬ್ಬಾಕಿನ್ನ ಹೊಗಳಿ ಒಬ್ಬಾಕಿನ್ನ ಬೈದು, ಆಮ್ಯಾಲ ಬೈಸಿಕೊಂಡಾಕಿ ಕೈಯಾಗಿನ ಅಡಗಿ ಉಂಡು ಎದ್ದು ಹೋಗತೀವಿ.

ಮಾರ್ಥಳ ಕಥಿ ಅಲ್ಲಿಗೆ ಮುಗಿಯೂದಿಲ್ಲ. ಯೋಹಾನನ ಸುವಾರ್ತೆ ಹನ್ನೊಂದರಾಗ, ತಮ್ಮ ಲಾಜರ ಸತ್ತಾಗ, ದಾರಿಗೆ ಎದುರು ಹೋಗಿ ಯೇಸುವನ್ನ ಕ್ರಿಸ್ತ, ದೇವಕುಮಾರ ಅಂತ ಬಾಯಿಬಿಟ್ಟು ಒಪ್ಪಿದಾಕಿ ಇದೇ ಮಾರ್ಥ. ಪೇತ್ರನ ಅರಿಕೆ ಬಗ್ಗೆ ವರ್ಷಕ್ಕ ನಾಕು ಪ್ರಸಂಗ ಕೇಳತೀವಿ. ಮಾರ್ಥಳ ಅರಿಕೆ ಬಗ್ಗೆ ನೀವು ಎಷ್ಟು ಕೇಳೀರಿ? ನಾ ಒಂದೂ ಕೇಳಿಲ್ಲ. ಆಕಿ ಬಾಯಾಗಿಂದು ಮರತು ಕೈಯಾಗಿನ ಸವಟು ಮಾತ್ರ ನೆನಪಿಟ್ಟುಕೊಂಡೀವಿ.

"ಸೇವೆ" ಅನ್ನೂ ಮಾತಿಗೆ ಬರೂಣು. ಮಾರ್ಥ ಮಾಡತಿದ್ದ ಅಡಗಿ ಕೆಲಸಕ್ಕ ಲೂಕ ಬಳಸಿದ ಗ್ರೀಕ್ ಶಬ್ದ ದಿಯಾಕೊನಿಯಾ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಾಗ ವಾಕ್ಯದ ಸೇವೆ ಅನ್ನಾಕ ಬಳಸಿದ್ದೂ ಅದೇ ಶಬ್ದ. ರೋಮಾಪುರದವರಿಗೆ ಬರದ ಪತ್ರದ ಹದಿನಾರನೇ ಅಧ್ಯಾಯದಾಗ ಪೌಲ ಕೆಂಖ್ರೆಯ ಸಭೆಯ ಫೊಯಿಬೆ ಅನ್ನೂ ಹೆಣ್ಮಗಳನ್ನ ಕರೆಯೂದು ಅದೇ ಬೇರಿನ ಶಬ್ದದಿಂದ. ಮೂಲದಾಗ ಒಂದೇ ಇದ್ದದ್ದನ್ನ ನಾವು ಎರಡು ಮಾಡೀವಿ. ಗಂಡಸರು ಮಾಡಿದ್ರ 'ದೇವರ ಸೇವೆ'. ಅದಕ್ಕ ಶಾಲು, ಹಾರ, ಪ್ರಯಾಣದ ಖರ್ಚು, ಕವರಿನ್ಯಾಗ ಕಾಣಿಕಿ. ಹೆಣ್ಮಕ್ಕಳು ಮಾಡಿದ್ರ 'ಸೇವಾ ಗುಂಪು'. ಅದಕ್ಕ ಕಡೀಕ ಒಂದು ಚಪ್ಪಾಳಿ, ಅದೂ ನೆನಪಿದ್ರ.

ಆರನೇ ಅಧ್ಯಾಯ ಅಂದೆನಲ್ಲ, ನಮ್ಮ ಹಿರಿಯರಿಗೆ ಭಾಳ ಪ್ರೀತಿಯ ಅಧ್ಯಾಯ ಅದು. ವಾಕ್ಯ ಬಿಟ್ಟು ಪಂಕ್ತಿ ಬಡಿಸೂದು ನಮಗ ತಕ್ಕದ್ದಲ್ಲ ಅಂತ ಅಪೊಸ್ತಲರು ಅಂದ್ರು, ಹೌದಿಲ್ಲೋ ಅಂತಾರ. ಹೌದು ಅಂದ್ರು. ಆಮ್ಯಾಲ ಏನು ಮಾಡಿದ್ರು? ಬಡಿಸಾಕ ಹೆಣ್ಮಕ್ಕಳನ್ನ ಕರದ್ರೇನು? ಊಟದ ಪಾಲು ಸಿಗದ ವಿಧವೆಯರ ಗೋಳು ಕೇಳಿ, ಆತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿ ಗಂಡಸರನ್ನ ಆರಿಸಿ, ಅವರ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನೆ ಮಾಡಿ ಪಂಕ್ತಿಗೆ ನಿಂದರಿಸಿದ್ರು. ಅನ್ನ ಬಡಿಸಾಕ ದೀಕ್ಷೆ! ಆ ಏಳು ಮಂದ್ಯಾಗ ಒಬ್ಬಾಂವ ಸ್ತೆಫನ, ಮುಂದಿನ ಅಧ್ಯಾಯ ಪೂರಾ ಅವನ ಪ್ರಸಂಗ. ಇನ್ನೊಬ್ಬಾಂವ ಫಿಲಿಪ್ಪ. ಇಪ್ಪತ್ತೊಂದನೇ ಅಧ್ಯಾಯದಾಗ ಅವನ ಮನಿ ಸುದ್ದಿ ಬರತೈತಿ. ಅವನ ನಾಕು ಹೆಣ್ಮಕ್ಕಳು ಪ್ರವಾದನೆ ಹೇಳತಿದ್ರಂತ. ಅಪ್ಪ ಪಂಕ್ತಿಗೆ ಬಡಿಸಿದಾಂವ, ಮಕ್ಕಳು ಪ್ರವಾದಿನಿಯರು. ಆ ಮನಿಯ ಪದ್ಧತಿ ನಮ್ಮ ಸಭೆಗೆ ಎಂದ ಬರೂದು?

"ಅಡಗಿ ಯಾರು ಮಾಡೋರು" ಅಂದ್ರಲ್ಲ ಹಿರಿಯರು, ಅವರು ಯೋಹಾನ ಇಪ್ಪತ್ತೊಂದು ಒಂದು ಸಲ ಓದಲಿ. ಸತ್ತು ಎದ್ದು ಬಂದ ಕರ್ತನು ರಾತ್ರಿ ಪೂರಾ ಬಲಿ ಹಾಕಿ ದಣಿದ ಶಿಷ್ಯರಿಗೆ ದಂಡಿ ಮ್ಯಾಲ ಕೆಂಡ ಮಾಡಿ, ಮೀನಾ ಸುಟ್ಟು, ರೊಟ್ಟಿ ಇಟ್ಟುಕೊಂಡು, ಬಂದು ನಾಷ್ಟಾ ಮಾಡ್ರಿ ಅಂತ ಕರದಾನ. ಆ ಕೈಯಾಗ ಇನ್ನೂ ಮೊಳೆಯ ಗಾಯ ಇದ್ದುವು. ಅಂವ ಒಲಿ ಮುಂದ ಕುಂತ ಮ್ಯಾಲ ಪಾಸ್ಟರೇಟ್ ಕಮಿಟಿಯವರಿಗೆ ಕುಂದರಾಕ ಏನು ತ್ರಾಸು?

ಇನ್ನ ಚರಿತ್ರೆ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದ್ರು, 1837ರಾಗ ಧಾರವಾಡ, 1839ರಾಗ ಹುಬ್ಬಳ್ಳಿ, 1841ರಾಗ ನಮ್ಮ ಬೆಟಗೇರಿ. ಸಾಲಿ, ಛಾಪಖಾನೆ, ನೇಕಾರಿಕೆ, ದವಾಖಾನೆ ಎಲ್ಲಾ ಬಂತು. ಹೆಣ್ಣುಮಕ್ಕಳ ಸಾಲಿಗಳೂ ಬಂದುವು. ಆ ಸಾಲ್ಯಾಗ ಅಕ್ಷರ ಕಲ್ತ ಹೆಣ್ಮಕ್ಕಳಾಗ ಕೆಲವರು ಬೈಬಲ್ ಸ್ತ್ರೀಯರಾದ್ರು. ಗಂಡಸರಿಗೆ ಪ್ರವೇಶ ಇಲ್ಲದ ಒಳಮನಿಗೆ ಹೋಗಿ ಓದಿ ಹೇಳೋರು, ಹಾಡು ಕಲಿಸೋರು, ರೋಗಿಗಳ ಹತ್ತರ ಕುಂದರೋರು. ನಮ್ಮ ಸಭೆದಾಗ ಹೆಣ್ಮಕ್ಕಳ ಸೇವೆ ಸುರು ಆಗಿದ್ದು ವಾಕ್ಯ ಹಿಡಕೊಂಡು, ಮನಿ ಮನಿ ಹೊಚ್ಚಲಾ ದಾಟಿ. ಅದು ಅಡಗಿಮನಿಗೆ ಬಂದು ಹೆಂಗ ನಿಂತಿತು ಅಂತ ಯಾರಾರ ಹೇಳ್ರಿ.

ಕಾಯ್ದೆ ಅಡ್ಡ ಬರತೈತಿ ಅನ್ನೂ ಹಂಗೂ ಇಲ್ಲ. 1947ರಾಗ ದಕ್ಷಿಣ ಭಾರತ ಸಭೆ ಆತು, ನಾವೂ ಅದರಾಗ ಕೂಡಿದ್ವಿ. ಈ ಸಭೆದಾಗ ಹೆಣ್ಮಕ್ಕಳಿಗೆ ಪಾದ್ರಿ ದೀಕ್ಷೆ ಐತಿ. 2013ರಾಗ ಇ. ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆದ್ರು. ಬಿಷಪ್ ಆಗಾಕ ಹೆಣ್ಣು ಅಡ್ಡಿ ಇಲ್ಲ, ಹೆಣ್ಮಕ್ಕಳ ರಿಟ್ರೀಟಿನ್ಯಾಗ ಸಂದೇಶ ಕೊಡಾಕ ಮಾತ್ರ ದೂರದೂರಿಂದ ಗಂಡಸರನ್ನ ಕರಿಯೂದು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಲೋಕ ಪ್ರಾರ್ಥನಾ ದಿನ ಮಾಡತೀವಲ್ಲ? ಪ್ರತಿ ವರ್ಷ ಒಂದು ದೇಶದ ಹೆಣ್ಮಕ್ಕಳು ಆರಾಧನೆ ಕ್ರಮ ಬರೀತಾರ, ಲೋಕದ ಉಳದ ಹೆಣ್ಮಕ್ಕಳು ಅದರ ಪ್ರಕಾರ ಪ್ರಾರ್ಥನೆ ಮಾಡತಾರ. 2025ರಾಗ ಕುಕ್ ದ್ವೀಪದವರು ಬರದದ್ದು. ಅವತ್ತ ಓದೂದು ನಾವ, ಪ್ರಾರ್ಥನೆ ನಡಸೂದು ನಾವ, ವೇದಿಕಿ ಮ್ಯಾಲ ನಿಂದ್ರೂದು ನಾವ. ಚರ್ಚಿನ ಹಂಚು ಒಂದೂ ಉದುರಿಲ್ಲ. ವರ್ಷಕ್ಕ ಒಂದು ದಿನ ಬರೂ ದನಿ ಉಳದ ದಿನ ಎಲ್ಲಿ ಹೋಗತೈತಿ?

ಈಗ ಎದುರು ಮಾತಿಗೆ ಬರತೀನಿ. ಗಂಡಸರ ಮಾತು ಆಮ್ಯಾಲ. ಮೊದಲ ನಮ್ಮ ಹಿರಿಯ ಹೆಣ್ಮಕ್ಕಳದು, ಯಾಕಂದ್ರ ಅವರದು ತೂಕದ ಮಾತು.

ನಮ್ಮ ದೊಡ್ಡವ್ವ ಇಪ್ಪತ್ತು ವರ್ಷ ಬೆಟಗೇರಿ ಕಡೆ ರಿಟ್ರೀಟಿನ ಅಡಗಿಗೆ ನಿಂತಾಕಿ. ಆಕಿ ರೊಟ್ಟಿ ಬಡಿಯೂ ಸಪ್ಪಳ ಕೇಳಿ ಮಂದಿ ಏಳತಿದ್ರು. ಒಂದು ಸಲ ನಾ ಆಕಿಗೆ, "ಸಾಕಿನ್ನ, ಒಳಗ ಬಂದು ಕುಂದರ ಬಾ" ಅಂದೆ. ಆಕಿ ಹಿಟ್ಟಿನ ಕೈ ಕೊಡವಿ ಅಂದ್ಲು, "ಒಳಗ ಏನೈತವಾ? ನೀವೆಲ್ಲಾ ಸಾಲಿ ಹುಡುಗೂರ ಹಂಗ ಬಾಯಿ ಮುಚಗೊಂಡು ಸಾಲಾಗಿ ಕುಂತಿರತೀರಿ. ಇಲ್ಲೆ ಒಬ್ಬಾಕಿ ಗಂಡ ಕುಡದು ಬಡೀತಾನ ಅಂತ ಹೇಳಿ ಅತ್ಲು. ಇನ್ನೊಬ್ಬಾಕಿ ಮಗಳ ಲಗ್ನದ ಸಾಲದ ಚಿಂತಿ ಹೇಳಿದ್ಲು. ಉಳ್ಳಾಗಡ್ಡಿ ಹೆಚಗೋತ ಅತ್ತ್ರ ಯಾರೂ ಯಾಕ ಅಂತ ಕೇಳೂದಿಲ್ಲ."

ಈ ಮಾತಿಗೆ ನನ್ನ ಹತ್ತರ ಪೂರಾ ಉತ್ತರ ಇಲ್ಲ. ಆಕಿ ಹೇಳಿದ್ದು ಖರೇ. ನಮ್ಮ ರಿಟ್ರೀಟಿನ್ಯಾಗ ನಿಜವಾದ ಅನ್ಯೋನ್ಯತೆ ನಡದಿದ್ದರ ಅದು ಅಡಗಿಮನ್ಯಾಗ. ಆದ್ರ ಅದರಿಂದ ತಿಳಕೊಳ್ಳಬೇಕಾಗಿದ್ದು, ಹಾಲಿನ್ಯಾಗ ನಾವು ಮಾಡೂದು ಬರೋಬರಿ ಇಲ್ಲ ಅಂತ. ಅಳಾಕ ಉಳ್ಳಾಗಡ್ಡಿಯ ನೆವ ಬೇಕಾಗೂ ಕೂಟ ಎಂಥಾ ಕೂಟ? ಮನಸಿದ್ದಾಕಿ ರೊಟ್ಟಿ ಬಡೀಲಿ, ನಾ ಬ್ಯಾಡ ಅನ್ನೂದಿಲ್ಲ. ಮನಸಿಲ್ಲದಾಕಿ ಮ್ಯಾಲ, ಫೀ ಕೊಡಾಕ ಆಗದಾಕಿ ಮ್ಯಾಲ ಅದನ್ನ ಹೇರೂದು ಬ್ಯಾಡ.

ದೊಡ್ಡವ್ವ ತೀರಿಕೊಂಡಾಗ ಸಭೆದಾಗ ಐದು ಮಂದಿ ಮಾತಾಡಿದ್ರು. ಐದೂ ಮಂದಿ ಆಕಿ ರೊಟ್ಟಿ, ಆಕಿ ಎಣಗಾಯಿ, ಆಕಿ ಕೋಳಿ ಸಾರು ನೆನಸಿದ್ರು. ಆಕಿ ದಾರಾ ಕಟ್ಟಿದ ಚಷ್ಮಾ ಹಾಕ್ಕೊಂಡು ವರ್ಷಕ್ಕ ಒಂದು ಸಲ ಇಡೀ ಸತ್ಯವೇದ ಓದಿ ಮುಗಸತಿದ್ಲು. ಅಂಚಿಗೆ ಪೆನ್ಸಿಲ್ಲಿಲೆ ಪ್ರಶ್ನೆ ಬರೀತಿದ್ಲು. ಆ ಪುಸ್ತಕ ಈಗ ನನ್ನ ಹತ್ತರ ಐತಿ. ಯೋಬನ ಗ್ರಂಥದ ಪುಟದ ತುಂಬ ಪ್ರಶ್ನಿ. ಹರೇದ ಮಗನನ್ನ ಕಳಕೊಂಡಾಕಿ ಆಕಿ. ಇಪ್ಪತ್ತು ರಿಟ್ರೀಟಿನ್ಯಾಗ ಒಂದರಾಗಾರ ಆಕಿನ್ನ ಮುಂದ ಕುಂದರಿಸಿ, "ಅಕ್ಕಾರ, ಯೋಬನ ಬಗ್ಗೆ ನಿಮಗ ಏನು ತಿಳೀತು ಹೇಳ್ರಿ" ಅಂತ ಕೇಳಿದ್ರ ನಮಗೆಲ್ಲಾ ಎಷ್ಟು ಸಿಗತಿತ್ತೋ. ಕೇಳಲಿಲ್ಲ. ನಾವು ಇನ್ನೊಂದು ರೊಟ್ಟಿ ಕೇಳಿದ್ವಿ.

ಗಂಡಸರ ಎದುರು ಮಾತು ಎರಡು. ಒಂದು, "ಗಂಡಸರಿಗೆ ಅಡಗಿ ಬರೂದಿಲ್ಲ." ಅಲ್ರಿ, ನಮ್ಮ ಕಡೆ ಲಗ್ನದ ಅಡಗಿ ಮಾಡೋರು ಯಾರು? ಸಾವಿರ ಮಂದಿಗೆ ಕೊಳಗದಾಗ ಅನ್ನ ಬಸಿಯೋರು ಯಾರು? ಮಿರ್ಚಿ ಭಜಿ ಗಾಡಿ ಹಿಂದ ನಿಂತೋರು ಯಾರು? ನಮ್ಮ ಯುವಕರ ಸಂಘದ ಹುಡುಗೂರು ಕ್ಯಾಂಪಿಗೆ ಹೋಗಿ ಕೋಳಿ ಮಾಡಿದ ಫೋಟೋ ಹಾಕತಾರಲ್ಲ, ಅವರಿಗೆ ಉಪ್ಪಿಟ್ಟು ಬರೂದಿಲ್ಲೇನು? ರೊಕ್ಕ ಕೊಟ್ರ ಬರತೈತಿ, ಮಜಾಕ್ಕ ಬರತೈತಿ, ಅವ್ವ-ತಂಗಿಯರ ಸಲುವಾಗಿ ಮಾತ್ರ ಬರೂದಿಲ್ಲ.

ಎರಡು, "ಅಡಗಿಯವರನ್ನ ಹಚ್ಚಿದ್ರ ಖರ್ಚು." ಲೆಕ್ಕ ಮಾಡೇನಿ. ನಮ್ಮೂರಿನ ಅಡಗಿಯವರು ಎರಡು ದಿನದ ಊಟ, ನಾಷ್ಟಾ, ಚಹಾ ಎಲ್ಲಾ ಸೇರಿಸಿ ತಲಿಗೆ 450 ಹೇಳ್ಯಾರ. 60 ಮಂದಿಗೆ 27,000 ಆತು. ಹೋದ ಸಲ ನಾವ ಮಾಡಕೊಂಡಾಗ ಕಿರಾಣಿ, ಕಾಯಿಪಲ್ಲೆ, ಗ್ಯಾಸ್ ಸೇರಿ 15,500 ಬಂದಿತ್ತು. ಹೆಚ್ಚಿಗಿ ಬೀಳೂದು 11,500. ಸುಗ್ಗಿ ಹಬ್ಬದಾಗ ನಮ್ಮ ಅನ್ಯೋನ್ಯ ಕೂಟದ ಹೆಣ್ಮಕ್ಕಳು ಚಕ್ಕಲಿ, ಕರಚಿಕಾಯಿ, ಉಪ್ಪಿನಕಾಯಿ ಮಾರಿ ಸಭೆಗೆ ಕೊಟ್ಟಿದ್ದು 31,000. ಕಂಪೌಂಡಿನ ಹೊಸಾ ಗೇಟು ಆಗಿದ್ದು ಆ ರೊಕ್ಕದಿಂದ. ಗೇಟಿಗೆ ಇದ್ದ ರೊಕ್ಕ ಅದನ್ನ ದುಡದಾಕಿಯ ಎರಡು ದಿನದ ದಣಿವಿಗೆ ಇಲ್ಲ ಅಂದ್ರ ಅದು ರೊಕ್ಕದ ಮಾತಲ್ಲ.

ಬೈಯೂದು ಸಾಕು, ಮಾಡೂದು ಹೇಳ್ತೀನಿ. ಆ ಎರಡು ಹಾಳ್ಯಾಗ ಬರದಿದ್ದು ಇದು. ಬ್ಯಾರೆ ಸಭೆಯವರೂ ಬೇಕಾದ್ರ ತಗೋರ್ರಿ.

ಫೀ ಪಟ್ಟಿ ಬ್ಯಾಡ. ಎಲ್ಲಾರಿಗೂ ಒಂದೇ ಥರದ ಮುಚ್ಚಿದ ಕವರು. ಆದಷ್ಟು ಹಾಕ್ರಿ, ಖಾಲಿನೂ ಹಾಕ್ರಿ. ಮ್ಯಾಲ ಹೆಸರು ಬರಿಯಂಗಿಲ್ಲ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನೂದು ಕಾರ್ಯದರ್ಶಿಗೂ ಗೊತ್ತಾಗಬಾರದು.

ಜಾಗಾ ಸರಕಾರಿ ಬಸ್ಸು ಹೋಗೂ ದಾರ್ಯಾಗ ಇರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದೈತಿ, ಸಾದಾ ಬಸ್ಸಿನ್ಯಾಗ ನಮಗ ಟಿಕೀಟು ಇಲ್ಲ. ಹಳ್ಳಿ ಸಭೆಯ ಹೆಣ್ಮಕ್ಕಳೂ ಬರತಾರ. ಖಾಸಗಿ ಬಸ್ಸು ಗೊತ್ತು ಮಾಡೂ ರೊಕ್ಕ ಅಡಗಿಯವರಿಗೆ ಹೋಗಲಿ.

ತಾರೀಖು ಇಡೂ ಮೊದಲ ಮನಿಗೆಲಸಕ್ಕ ಹೋಗಾಕಿನ್ನ, ನರ್ಸಿನ ಕೆಲಸದಾಕಿನ್ನ, ಗಾರ್ಮೆಂಟ್ಸಿಗೆ ಹೋಗಾಕಿನ್ನ ಕೇಳ್ರಿ. ಮನ್ಯಾಗ ಇರೋರಿಗೆ ಬೇಕಾದ ದಿನ ಇಟ್ಟು, ದುಡಿಯೋರು ಬರಲಿಲ್ಲ ಅಂತ ಬೈಯೂದು ಬ್ಯಾಡ. ಸಣ್ಣ ಮಕ್ಕಳನ್ನ ಆಡಸಾಕ ಎರಡು ದಿನ ಅಪ್ಪಂದಿರು ಬರಲಿ. ಅವರಿಗೂ ಒಂದು ರಿಟ್ರೀಟು ಆಗತೈತಿ.

ಸಂದೇಶ ಎರಡು ಸಾಕು. ಕೊಡೋರು ಹೆಣ್ಮಕ್ಕಳು. ಒಂದು ದೀಕ್ಷೆ ಆದ ಅಮ್ಮಾರದು, ಇನ್ನೊಂದು ನಮ್ಮ ಸಭೆಯಾಕಿದು. ಮಧ್ಯಾಹ್ನ ಎರಡರಿಂದ ನಾಕರ ತನಕ ಹಾಳಿ ಖಾಲಿ ಬಿಡ್ರಿ. ಆಟ ಬ್ಯಾಡ, ಬಹುಮಾನ ಬ್ಯಾಡ. ಮಲಗಾಕಿ ಮಲಗಲಿ. ಹೆಣ್ಮಕ್ಕಳು ಹಗಲಿನ್ಯಾಗ ಮಲಗಿದ್ರ ತಪ್ಪು ಅನ್ನೂದು ಯಾವ ಅಧ್ಯಾಯದಾಗೂ ಇಲ್ಲ. ಎಲೀಯನು ಸಾಕಾಗಿ ಗಿಡದ ಕೆಳಗ ಬಿದ್ದಾಗ ದೇವದೂತ ಉಪದೇಶ ಮಾಡಲಿಲ್ಲ. ಮಲಗಾಕ ಬಿಟ್ಟು, ಎಬ್ಬಿಸಿ ಉಣಿಸಿ, ಹೊಳ್ಳಿ ಮಲಗಾಕ ಬಿಟ್ಟಾನ.

ಕಡೀದು, ಭಾಳ ಮುಖ್ಯದ್ದು. 'ಪ್ರಾರ್ಥನಾ ವಿನಂತಿ' ಅನ್ನೂ ಹೆಸರಿನ್ಯಾಗ ಒಬ್ಬಾಕಿ ಮನಿ ಮಾತು ಎದ್ದು ನಿಂತು ಹೇಳಿಸೂದು, ಸಂಜಿ ಆಗೂದ್ರಾಗ ಅದು ವಾಟ್ಸಾಪ್ ಗ್ರೂಪಿನ್ಯಾಗ ಇರೂದು, ಇದು ನಿಲ್ಲಬೇಕು. ಒಂದು ಖೋಲಿ ಬ್ಯಾರೆ ಇರಲಿ, ಕೇಳಿಸಿಕೊಳ್ಳಾಕ ತರಬೇತಿ ಆದ ಹೆಣ್ಮಗಳು ಒಬ್ಬಾಕಿ ಇರಲಿ. ಗಂಡ ಬಡೀತಾನ ಅಂದಾಕಿಗೆ "ತಾಳ್ಮಿಯಿಂದ ಇರವಾ, ಪ್ರಾರ್ಥನೆ ಮಾಡೂಣು" ಅಂತ ಮಾತ್ರ ಹೇಳಿ ಕಳಸಬ್ಯಾಡ್ರಿ. ಪ್ರಾರ್ಥನೆ ಮಾಡ್ರಿ, ಜೋಡಿಗೆ 181 ಮಹಿಳಾ ಸಹಾಯವಾಣಿ ನಂಬರ್ ಕೊಡ್ರಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಆಕಿ ಬೆನ್ನಿಗೆ ಐತಿ ಅಂತ ತಿಳಿಸ್ರಿ. ದೊಡ್ಡವ್ವ ಉಳ್ಳಾಗಡ್ಡಿ ಹೆಚಗೋತ ಕೇಳಿಸಿಕೊಂಡ ಕಥಿಗಳು ಆಕಿ ಜೋಡಿ ಹೋದುವು. ಇನ್ನಮುಂದ ಹಂಗ ಆಗಬಾರದು.

ಕರ್ತನು ಟವೆಲ್ ಸುತಗೊಂಡು ಶಿಷ್ಯರ ಕಾಲು ತೊಳದಾನ. ಗುರು ಶಿಷ್ಯರ ಕಾಲು ತೊಳದ್ರ ಅದು ಸೇವೆ. ನಮ್ಮ ಸಭೆದಾಗ ಯಾವಾಗಲೂ ಬಡವರ ಕೈಯ ಉಳ್ಳವರ ತಾಟು ತೊಳೀತೈತಿ. ಅದಕ್ಕ ನಮ್ಮ ಕಡೆ ಚಾಕರಿ ಅಂತಾರ. ಚಾಕರಿ ಮಾಡಸೂದಾದ್ರ ಪಗಾರ ಕೊಡ್ರಿ. ಸೇವೆ ಅನ್ನೂದಾದ್ರ ಸರದಿ ಹಚ್ಚರಿ, ಆ ಸರದ್ಯಾಗ ಕಾರ್ಯದರ್ಶಿ ಹೆಸರು, ಹಿರಿಯರ ಹೆಸರು, ಅಯ್ಯನವರ ಹೆಸರೂ ಇರಲಿ.

ಕಮಿಟಿ ಇನ್ನೂ ಏನೂ ಹೇಳಿಲ್ಲ. ಮುಂದಿನ ತಿಂಗಳ ಎರಡನೇ ರವಿವಾರ ಹೊಳ್ಳಿ ಕೂಡತಾರ. 'ಸೇವಾ ಗುಂಪು' ಅನ್ನೂ ಪಟ್ಟಿ ಈ ಸಲ ನಾ ಬರಿಯೂದಿಲ್ಲ, ಬರೀಲೇಬೇಕಂದ್ರ ಬ್ಯಾರೆ ಕಾರ್ಯದರ್ಶಿ ನೋಡಕೋರ್ರಿ ಅಂತ ಅಯ್ಯನವರಿಗೆ ಹೇಳೀನಿ. ಅವರು "ನೋಡೂಣವಾ" ಅಂದಾರ. ಸಿಟ್ಟು ಮಾಡಲಿಲ್ಲ, ಅದ ದೊಡ್ಡದು.

ಮೊನ್ನಿ ಬುಧವಾರ ಆ ಹೆಣ್ಮಗಳ ಮನಿಗೆ ಹೋಗಿದ್ದೆ. ಮೂರು ವರ್ಷದ ಮ್ಯಾಲ. ತಪ್ಪಾತು ಅಂತ ಹೇಳಾಕ ಹೋದಾಕಿ ಅರ್ಧಾ ತಾಸು ಬ್ಯಾರೆ ಏನೇನೋ ಮಾತಾಡಿದೆ. ಕಡೀಕ ಹೇಳಿದೆ. ಆಕಿ ಕೇಳಿಸಿಕೊಂಡ್ಲು, ಚಹಾ ಕೊಟ್ಲು. ಬರತೀಯೇನು ಅಂದಿದ್ದಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಈ ಸಲ ಭಾಂಡೆ ಯಾರು ತಿಕ್ಕತಾರ್ರಿ ಅಕ್ಕಾರ?" ಅಂದ್ಲು.

"ಮೊದಲನೇ ದಿನ ನಂದ ಸರದಿ" ಅಂದೆ.

ಆಕಿ ನನ್ನ ಕೈ ನೋಡಿದ್ಲು. ಆಮ್ಯಾಲ ನಕ್ಕಳು. "ಅರವತ್ತು ಮಂದಿದು ಭಾಂಡೆ ನಿಮ್ಮ ಕೈಲೆ ಆಗತೈತೇನ್ರಿ? ಬೂದಿ ತಗೋರ್ರಿ, ಸೋಪಿನ ಪುಡಿಗೆ ಎಣ್ಣಿ ಜಿಡ್ಡು ಹೋಗೂದಿಲ್ಲ."